ಶಾಂತಮ್ಮನಿಗೆ ಬರೆದದ್ದು, ಮಹಾದೇವಿ ಓದಿದ್ದು

ಮೊನ್ನೆ ರಾಯಚೂರಿನ ಅಂಚೆ ಕಚೇರಿಗೆ ಹೋಗಿ ಇನ್‌ಲ್ಯಾಂಡ್ ಲೆಟರ್ ಕೇಳಿದೆ. ಕೌಂಟರಿನಲ್ಲಿದ್ದ ಹುಡುಗಿ ನನ್ನ ಮುಖವನ್ನೊಮ್ಮೆ, ನನ್ನ ಬಿಳಿ ಕೂದಲನ್ನೊಮ್ಮೆ ನೋಡಿ, "ಅಮ್ಮಾರೆ, ಆಧಾರ್ ತಿದ್ದೋದು ಆ ಕಡಿ ಅದ ನೋಡ್ರಿ" ಎಂದಳು. ನಾನು ಎರಡೂ ಕೈಯಲ್ಲಿ ಗಾಳಿಯನ್ನು ಮಡಚಿ, "ನೀಲಿ ಕಾಗದವ್ವಾ, ಬರದು, ಮಡಚಿ, ಅಂಟಸೋದು" ಎಂದು ತೋರಿಸಿದೆ. ಅವಳು ಒಳಗೆ ಹೋಗಿ ಬಹಳ ಹೊತ್ತು ಹುಡುಕಿ ಒಂದು ಕಟ್ಟು ತಂದಳು. ಕಾಗದಗಳ ಅಂಚೆಲ್ಲ ಮಾಸಿ ಬೆಳ್ಳಗಾಗಿತ್ತು.

"ಇನ್ನೂ ಯಾರಿಗೆ ಬರೀತೀರ್ರಿ ಇದರಾಗ?" ಎಂದು ನಗುತ್ತಲೇ ಕೇಳಿದಳು.

ಅದಕ್ಕೆ ಉತ್ತರ ದೊಡ್ಡದು. ನನ್ನ ಹಿಂದೆ ಸಾಲು ಬೇರೆ ಇತ್ತು. ಸುಮ್ಮನೆ ನಕ್ಕು ಬಂದೆ. ನಿಮ್ಮ ಹಿಂದೆ ಯಾರೂ ಸಾಲು ನಿಂತಿಲ್ಲವಲ್ಲ, ನಿಮಗೇ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಮಾನ್ವಿಯಲ್ಲಿ. ಅಪ್ಪ ದರ್ಜಿ. ಅವ್ವನಿಗೆ ಅಕ್ಷರ ಬಾರದು, ಮಾತು ಮಾತ್ರ ಹೊಳೆಯ ಹಾಗೆ ಬರುತ್ತಿತ್ತು. ದೇವದುರ್ಗದಲ್ಲಿದ್ದ ಚಿಕ್ಕಮ್ಮನಿಗೆ ಅವಳು ರೊಟ್ಟಿ ಬಡಿಯುತ್ತ ಪತ್ರ ಹೇಳುವಳು, ನಾನು ಹೊಸ್ತಿಲ ಮೇಲೆ ಕುಳಿತು ಬರೆಯುವೆ. ಕಾಗದದಲ್ಲಿ ಒಂದಿಷ್ಟೂ ಜಾಗ ಖಾಲಿ ಬಿಡುವಂತಿರಲಿಲ್ಲ. "ಖಾಲಿ ಬಿಟ್ರ ಸಿಟ್ಟಾಗೀನಿ ಅಂತ ತಿಳಕೊಂತಾಳ, ಬರಿ" ಎನ್ನುವಳು. ಹಾಗಾಗಿ ನಾನು ಅಂಚಿನ ಸುತ್ತ, ಕೊನೆಗೆ ಅಂಟು ಹಚ್ಚುವ ಪಟ್ಟಿಯ ಮೇಲೂ ಬರೆಯುತ್ತಿದ್ದೆ. ಚಿಕ್ಕಮ್ಮ ಹರಿದು ಬಿಚ್ಚಿದಾಗ ಆ ಸಾಲುಗಳು ಹರಿದೇ ಹೋಗುತ್ತಿದ್ದವು. ನಮ್ಮ ಆಡು ಅವಳಿ ಮರಿ ಹಾಕಿದ ಸುದ್ದಿ ಆಕೆಗೆ ಕೊನೆಗೂ ಮುಟ್ಟಲಿಲ್ಲ.

ಶಾಲೆಯಲ್ಲಿ ನಮಗೆ ಕನ್ನಡ ಕಲಿಸಿದವರು ಆಚಾರ್ ಮಾಸ್ತರು. ಪತ್ರದ ನೆತ್ತಿಯ ಮೇಲೆ 'ಶ್ರೀ' ಇರಲೇಬೇಕೆಂದು ಅವರು ಕಲಿಸಿದ್ದರು. ನಾನು ಬರೆದೆ. ಅವ್ವ ಅದೇನೆಂದು ಕೇಳಿ, ಅಲ್ಲಿ ಶಿಲುಬೆ ಹಾಕೆಂದಳು. ಮಾಸ್ತರರನ್ನೂ ಬಿಡುವಂತಿಲ್ಲ, ಅವ್ವನನ್ನೂ ಬಿಡುವಂತಿಲ್ಲ. ಶ್ರೀಕಾರದ ಮೇಲೆಯೇ ಶಿಲುಬೆ ಎಳೆದೆ. ಚಿಕ್ಕಮ್ಮನ ಉತ್ತರ ಬಂತು: "ಮ್ಯಾಲ ಏನೋ ಗಿಡ ಬರದೀರಿ, ಛಂದ ಅದ, ಯಾವ ಗಿಡ ಅದು?"

ಮುಂದೆ ನಾನು ರಾಯಚೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚುಗಾರ್ತಿಯಾದೆ. ನಿವೃತ್ತಿಯಾಗುವವರೆಗೂ ನಾನು ಟೈಪ್ ಮಾಡಿದ ಪತ್ರಗಳಲ್ಲಿ ಒಂದಾದರೂ ಯಾರನ್ನೂ 'ಹೇಗಿದ್ದೀರಿ' ಎಂದು ಕೇಳಲಿಲ್ಲ. ಇದರ ಪರಿಣಾಮ ಗೊತ್ತಾದದ್ದು ನಮ್ಮ ಚರ್ಚಿನ ಸ್ತ್ರೀಯರ ಕೂಟದಲ್ಲಿ. ದೂರದ ದೇಶಗಳಲ್ಲಿ ನಂಬಿಕೆಯ ಕಾರಣಕ್ಕೆ ಸೆರೆಯಲ್ಲಿರುವವರಿಗೆ ನಾವು ಧೈರ್ಯದ ಪತ್ರ ಬರೆಯುತ್ತಿದ್ದೆವು. ಚರ್ಚಿನವರೊಬ್ಬರು ಅದನ್ನು ಇಂಗ್ಲಿಷಿಗೆ ಮಾಡಿ ಕಳಿಸುತ್ತಿದ್ದರು. ಆ ಜನರ ಹೆಸರು ಹೇಳಲು ನಮ್ಮ ನಾಲಿಗೆ ತಿರುಗುತ್ತಿರಲಿಲ್ಲ. ಕೂಟದ ಹಿರಿಯರಾದ ಎಸ್ತೇರಮ್ಮ ಪ್ರಾರ್ಥನೆಯಲ್ಲಿ "ಆ ಉದ್ದ ಹೆಸರಿನ ತಮ್ಮನ್ನ ಕಾಪಾಡಪ್ಪಾ" ಎಂದುಬಿಡುತ್ತಿದ್ದರು. ಎಸ್ತೇರಮ್ಮ ನರ್ಸ್ ಆಗಿದ್ದವರು. ಪಿಸುಮಾತೂ ಎರಡು ವಾರ್ಡಿಗೆ ಕೇಳಿಸುವಂಥ ದನಿ. ನನ್ನ ಮೊದಲ ಪತ್ರವನ್ನು ಅವರು ಎಲ್ಲರೆದುರು ಓದಿದರು: "ಮಾನ್ಯರೇ, ತಾವು ಸೆರೆಮನೆಯಲ್ಲಿರುವ ವಿಷಯವು ನಮ್ಮ ಗಮನಕ್ಕೆ ಬಂದಿರುತ್ತದೆ. ಧೈರ್ಯದಿಂದಿರಲು ಈ ಮೂಲಕ ಕೋರಲಾಗಿದೆ." ಓದಿ ಕನ್ನಡಕ ತೆಗೆದರು.

"ಸುಮತಿ, ಆ ತಮ್ಮಗ ಸಮಾಧಾನ ಹೇಳಾಕತ್ತೀಯೋ, ನೋಟಿಸ್ ಕೊಡಾಕತ್ತೀಯೋ?"

ಆ ಪತ್ರಗಳಿಗೆ ಎಂದೂ ಉತ್ತರ ಬರಲಿಲ್ಲ. ಮುಟ್ಟಿದವೋ ಇಲ್ಲವೋ ಅದೂ ತಿಳಿಯದು. ನಿಜ ಹೇಳಬೇಕೆಂದರೆ, ಉತ್ತರ ಬಾರದ ಪತ್ರ ಬರೆಯುವುದು ಬಲು ಹಗುರದ ಕೆಲಸ. ನಮ್ಮ ಮಾತಿನಿಂದ ಅವರಿಗೇನಾದರೂ ಆಯಿತೇ ಎಂದು ಕೇಳಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಆಮೇಲೆ ದೇವಪ್ಪ ಬಂದ.

ಮಳೆಗಾಲದ ಒಂದು ಭಾನುವಾರ. ಆರಾಧನೆ ಮುಗಿದು ಎಲ್ಲರೂ ಎದ್ದರೂ ಹಿಂದಿನ ಬೆಂಚಿನಲ್ಲಿ ಒಬ್ಬ ಮನುಷ್ಯ ಕುಳಿತೇ ಇದ್ದ. ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಎಸ್ತೇರಮ್ಮ ಹತ್ತಿರ ಹೋಗಿ, "ಎಲ್ಲಿ ಬಿದ್ದಿಯಪ್ಪಾ?" ಎಂದರು.

"ಬಿದ್ದಿಲ್ರಿ ಅಮ್ಮಾ" ಎಂದ ಅವನು.

ಅವನ ಊರು ಗಬ್ಬೂರಿನಿಂದಾಚೆ. ಊರಿನ ಹೆಸರು ಬೇಡ. ಗಂಡ ಹೆಂಡತಿ ಇಬ್ಬರೂ ಕೂಲಿಯವರು. ಭಾನುವಾರಕ್ಕೊಮ್ಮೆ ಅವರ ಮನೆಯಲ್ಲಿ ಏಳೆಂಟು ಜನ ಕೂಡಿ ಹಾಡಿ ಪ್ರಾರ್ಥನೆ ಮಾಡುತ್ತಿದ್ದರು. ಒಂದು ದಿನ ಊರಿನ ಕೆಲವು ಹುಡುಗರು ಒಳಗೆ ನುಗ್ಗಿ, ಹಾಡಿನ ಪುಸ್ತಕಗಳನ್ನು ಹರಿದು, ಅಡ್ಡ ಬಂದ ದೇವಪ್ಪನ ಕೈ ಮುರಿದರು. ಪೊಲೀಸರಿಗೆ ದೂರು ಕೊಟ್ಟ ಮೇಲೆ ಊರು ಇನ್ನೂ ಬಿಗಿಯಾಯಿತು. ಅವರನ್ನು ಕೂಲಿಗೆ ಕರೆಯಬಾರದು, ಗಿರಣಿಯಲ್ಲಿ ಅವರ ಜೋಳ ಬೀಸಬಾರದು, ನಳದ ಸಾಲಿನಲ್ಲಿ ಅವರ ಕೊಡ ಇರಬಾರದು. ಈ ಮಾತನ್ನು ಮೊದಲು ಎತ್ತಿದವನು ಪಕ್ಕದ ಮನೆಯ ಯಜಮಾನನೇ. ದೇವಪ್ಪ ಶಕ್ತಿನಗರಕ್ಕೆ ಬಂದು ಒಬ್ಬ ಗುತ್ತಿಗೆದಾರನ ಹತ್ತಿರ ಕಾವಲು ಕೆಲಸ ಹಿಡಿದಿದ್ದ. ಹೆಂಡತಿ ಶಾಂತಮ್ಮ ಊರಲ್ಲೇ ಉಳಿದಿದ್ದಳು.

"ಒಬ್ಬಾಕಿನ್ನ ಯಾಕ ಬಿಟ್ಟು ಬಂದಿ?" ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ.

"ನಾ ಬಿಟ್ಟು ಬಂದಿಲ್ರಿ, ಆಕಿ ಬರಲಿಲ್ಲ. ಒಮ್ಮಿ ಕೀಲಿ ಹಾಕಿದ್ರ ಮತ್ತ ತೆಗಿಯಾಕ ಬಿಡಂಗಿಲ್ಲ ಅಂತಾಳ. ಮನಿ ಹಿಡದು ಕುಂತಾಳ."

ಎಸ್ತೇರಮ್ಮ ಆಗಲೇ ಸೆರಗು ಬಿಗಿದಿದ್ದರು. "ನಾಳಿನೇ ಗಾಡಿ ಮಾಡ್ಕೊಂಡು ಹೋಗೂಣು. ಎಲ್ಲಾರೂ ಹೋಗೂಣು."

"ಬ್ಯಾಡ್ರಿ ಅಮ್ಮಾ" ಎಂದು ದೇವಪ್ಪ ಎಡಗೈಯೊಂದನ್ನೇ ಎತ್ತಿ ಮುಗಿದ. "ನೀವು ಬಂದು ಪ್ರಾರ್ಥನಿ ಮಾಡಿ ಸಂಜಿಕ ತಿರಿಗಿ ಬರ್ತೀರಿ. ಹೊರಗಿನ ಮಂದಿನ್ನ ಕರಿಸ್ಯಾಳ ಅಂತ ಊರಾಗ ಮತ್ತ ಸುರು ಆಗ್ತದ. ಆವಾಗ ಉಳಿಯಾಕಿ ಆಕಿ ಒಬ್ಬಾಕಿ. ಫೋನ್ ಹಚ್ಚಿದ್ರ 'ಆರಾಮ ಅದೀನಿ' ಅಂದು ಇಟ್ಟುಬಿಡ್ತಾಳ. ಏನರ ಬರದು ಕಳಸ್ರಿ. ಕಾಗದಾದ್ರ ಕೈಯಾಗ ಇರ್ತದ."

ರಾಯಚೂರಿನಲ್ಲಿ ಬಸ್ಸು ಹತ್ತಿ ಒಂದು ನಿದ್ದೆ ಮುಗಿಯುವುದರೊಳಗೆ ಗಬ್ಬೂರು ಬರುತ್ತದೆ. ಅಷ್ಟು ಹತ್ತಿರದ ಹೆಂಗಸಿಗೆ, ಸಮುದ್ರದಾಚೆಯ ಸೆರೆಮನೆಗೆ ಬರೆದಂತೆ, ನಾವು ಪತ್ರ ಬರೆಯಬೇಕಾಗಿತ್ತು. ಕೂಟದವರು ಆ ಕೆಲಸ ನನಗೇ ಕೊಟ್ಟರು.

ನೋಟಿಸಿನ ಅಪಖ್ಯಾತಿ ಇತ್ತಲ್ಲ, ಈ ಸಲ ಜಾಗ್ರತೆ ಮಾಡಿದೆ. ಕಚೇರಿಯ ಮಾತು ಒಂದೂ ಬಾರದ ಹಾಗೆ, ಚರ್ಚಿನ ಪ್ರಸಂಗದಲ್ಲಿ ಪಾದ್ರಿಗಳು ಆಡುವ ಮಾತುಗಳನ್ನೆಲ್ಲ ತುಂಬಿದೆ. ಪರಿಶೋಧನೆ, ತಾಳ್ಮೆ, ಮಹಿಮೆ, ಬಾಡದ ಕಿರೀಟ. ಓದಿಕೊಂಡಾಗ ನನಗೇ ಕಣ್ಣು ತೇವವಾಯಿತು. ಮಡಚಿ ಅಂಟಿಸಿ ಪೆಟ್ಟಿಗೆಗೆ ಹಾಕಿ ಬಂದೆ.

ಕೆಲವು ದಿನಗಳ ಮೇಲೆ ಉತ್ತರ ಬಂತು. ನನ್ನ ಅಷ್ಟು ವರ್ಷಗಳ ಧೈರ್ಯದ ಪತ್ರಗಳಿಗೆ ಬಂದ ಮೊದಲ ಉತ್ತರ. ಶಾಲೆಯ ನೋಟ್‌ಬುಕ್ಕಿನ ಹಾಳೆ, ದುಂಡಗಿನ ಅಕ್ಷರ.

"ನಮಸ್ಕಾರ್ರಿ. ನಿಮ್ಮ ಪತ್ರ ಮುಟ್ಟಿತು. ಶಾಂತಕ್ಕಗ ಓದಾಕ ಬರಂಗಿಲ್ಲ, ನಾನು ಓದಿ ಹೇಳೀನಿ. ಪರಿಶೋಧನೆ ಅಂದ್ರ ಏನಂತ ಕೇಳಿದ್ಳು, ನನಗೂ ತಿಳಿಲಿಲ್ಲ. ನಿಮ್ಮ ಮನ್ಯಾಗ ಯಾರ್ಯಾರು ಅದೀರಿ, ರೊಟ್ಟಿ ಮಾಡ್ತೀರೋ ಚಪಾತಿ ಮಾಡ್ತೀರೋ ಅಂತ ಕೇಳಾಕತ್ತಾಳ. ಅದನ್ನ ಬರೀರಿ."

ಕೆಳಗೆ ಹೆಸರಿರಲಿಲ್ಲ. ಓದಿ ಮೊದಲು ನಗು ಬಂತು. ಆಮೇಲೆ ಮತ್ತೊಮ್ಮೆ ಓದಿದೆ. ಮಾತನಾಡಿಸಲು ಒಬ್ಬರೂ ಇಲ್ಲದ ಕೇರಿಯಲ್ಲಿರುವವಳು ನನ್ನಿಂದ ಕಿರೀಟ ಕೇಳಿರಲಿಲ್ಲ, ಮಾತು ಕೇಳಿದ್ದಳು.

ಬರೆದೆ. ಮನೆಯಲ್ಲಿ ನಾನು, ನಮ್ಮ ಯಜಮಾನರು ಮತ್ತು ಕರೆಯದೆ ಬಂದು ಸೇರಿಕೊಂಡ ಒಂದು ಬೆಕ್ಕು ಇದ್ದೇವೆಂದು ಬರೆದೆ. ರಾಯಚೂರಿನ ಸೆಕೆಗೆ ನಮ್ಮವರು ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡೇ ಪೇಪರ್ ಓದುತ್ತಾರೆಂದೂ, ಪೇಪರ್ ತೊಯ್ದು ಹರಿದರೆ ನನ್ನನ್ನೇ ಬೈಯುತ್ತಾರೆಂದೂ ಬರೆದೆ. ಇಷ್ಟು ವಯಸ್ಸಾದರೂ ನನ್ನ ರೊಟ್ಟಿ ಉಬ್ಬುವುದಿಲ್ಲವೆಂದು ಒಪ್ಪಿಕೊಂಡೆ. "ಹಿಟ್ಟಿಗೆ ಕುದಿಯೋ ನೀರು ಹಾಕಿ ನಾದ್ರಂತ, ಶಾಂತಕ್ಕ ಹೇಳಾಕತ್ತಾಳ" ಎಂದು ಉತ್ತರ ಬಂತು. ಪತ್ರದ ಕೊನೆಗೆ ನಾನು 'ದೇವರು ನಿನ್ನ ಜೊತೆ ಇದ್ದಾನೆ' ಎಂದು ಒಂದೇ ಸಾಲು ಬರೆಯುತ್ತಿದ್ದೆ. ಅದನ್ನು ಎರಡು ಸಲ ಓದಿಸಿಕೊಳ್ಳುತ್ತಾಳೆಂದು ತಿಳಿಯಿತು.

ರೊಟ್ಟಿ, ಬೆಕ್ಕು, ಮೊಣಕಾಲು ನೋವಿನ ನಡುವೆ ಆ ಕಡೆಯ ಸುದ್ದಿ ಒಂದೊಂದು ಸಾಲಾಗಿ ಬರುತ್ತಿತ್ತು. "ಗಿರಣಿಯವ ಇನ್ನೂ ಬೀಸವಲ್ಲ. ಹಳೇ ಬೀಸುಕಲ್ಲು ಹೊರಗ ತೆಗದಾಳ." "ಕಾಲುವಿ ನೀರು ಸೋಸಿ ಕುಡಿಯಾಕತ್ತಾಳ." ಒಂದು ಪತ್ರದಲ್ಲಿ ಹೀಗಿತ್ತು: "ಮೊನ್ನಿ ಬಾಗಿಲಿಗೆ ಕಲ್ಲು ಬಿದ್ವು. ಇದನ್ನ ಬರಿಬ್ಯಾಡ ಅಂದ್ಳು ಶಾಂತಕ್ಕ. ನಾ ಬರದೀನಿ."

ಈ ಬರೆಯುವವಳು ಯಾರು? ಮುಂದಿನ ಭಾನುವಾರ ದೇವಪ್ಪನನ್ನು ಕೇಳಿದೆ. ಅವನು ಚಪ್ಪಲಿ ಮೆಟ್ಟುತ್ತಿದ್ದವನು ಹಾಗೇ ನಿಂತ.

"ಮಹಾದೇವಿ ಇರಬೇಕ್ರಿ. ಬಾಜು ಮನಿ ಸೊಸಿ."

"ಯಾವ ಬಾಜು ಮನಿ?"

"ಅದೇ ಮನಿರೀ. ಯಜಮಾನಂದು."

ನೀರು ನಿಲ್ಲಿಸಿದವನ ಸೊಸೆ ಅವಳು. ಹಿತ್ತಲ ದನದ ಕೊಟ್ಟಿಗೆಯ ಗೋಡೆಗೆ ಆತು ನಿಂತು ಈಚೆ ಕುಳಿತ ಶಾಂತಮ್ಮನಿಗೆ ನನ್ನ ಪತ್ರ ಓದಿ ಹೇಳುತ್ತಿದ್ದಳೆಂದು ಆಮೇಲೆ ತಿಳಿಯಿತು. ನನ್ನ ಬೆಕ್ಕಿನ ಕಥೆ ಕೇಳಿಸಲು ಒಬ್ಬ ಎಳೆಯ ಹೆಂಗಸು ಅಷ್ಟು ದೊಡ್ಡ ಅಪಾಯ ಹೊರುತ್ತಿದ್ದಳು. ಎಸ್ತೇರಮ್ಮ ಮೊದಲ ಬಾರಿಗೆ ಸಣ್ಣ ದನಿಯಲ್ಲಿ ಮಾತನಾಡಿದರು. "ನಿಲ್ಲಸು ಸುಮತಿ. ಆ ಹುಡುಗಿಗೆ ಏನರ ಆದ್ರ ಯಾರು ಜವಾಬು?" ನಿಲ್ಲಿಸಿದೆ.

ತಿಂಗಳಾಗಿರಬಹುದು, ಅದೇ ದುಂಡು ಅಕ್ಷರದಲ್ಲಿ ಮತ್ತೊಂದು ಹಾಳೆ ಬಂತು.

"ನಾ ಯಾರಂತ ನಿಮಗ ಗೊತ್ತಾಗ್ಯಾದ, ಅದಕ್ಕ ಬಿಟ್ಟೀರಿ. ಶಾಂತಕ್ಕ ಟಪಾಲಿನವ ಬರೋ ಹೊತ್ತಿಗಿ ಬಾಗಿಲಾಗ ಕುಂದರ್ತಾಳ. ನನಗಾಗಿ ಬಿಡೋದಾದ್ರ ಬಿಡಬ್ಯಾಡ್ರಿ. ಇಂತಿ, ಮಹಾದೇವಿ."

ತನ್ನ ಹೆಸರನ್ನು ಅವಳು ಅಲ್ಲಿ ಮೊದಲ ಸಲ ಬರೆದಿದ್ದಳು. ನಾನು ಅಂದೇ ಉತ್ತರ ಬರೆದೆ.

ದಸರೆ ಕಳೆದ ಮೇಲೆ ಹೆದರಿದ್ದೇ ಆಯಿತು; ದೇವಪ್ಪ ಬಂದು ಹೇಳಿದ. ಓದುತ್ತಿದ್ದಾಗ ಮಹಾದೇವಿಯ ಅತ್ತೆ ಕೊಟ್ಟಿಗೆಗೆ ಬಂದಳು. ಅಂದು ಸಂಜೆ ಮನೆಯಲ್ಲಿ ದೊಡ್ಡ ಗದ್ದಲವಾಯಿತು. ಗಂಡ ಕೈ ಎತ್ತಿದ. ಮರುದಿನ ಅವಳನ್ನು ಮಗುವಿನ ಸಮೇತ ತವರಿಗೆ ಕಳಿಸಿದರು. ತವರು ಮಾನ್ವಿ.

ನಮ್ಮ ಯಜಮಾನರು, "ನೀ ಹೋಗಿ ಏನು ಮಾಡ್ತಿ?" ಎಂದರು. ಏನು ಮಾಡುವುದೋ ನನಗೂ ತಿಳಿದಿರಲಿಲ್ಲ. ಆದರೆ ಈ ಸಲ ಕಾಗದ ಹಿಡಿದು ಕೂರಲಾಗಲಿಲ್ಲ. ಮಾನ್ವಿಯ ಬಸ್ಸು ಹತ್ತಿದೆ.

ನಾನು ಹುಟ್ಟಿದ ಊರಿನಲ್ಲೇ ದಾರಿ ಕೇಳಿಕೊಂಡು ಆ ಮನೆಗೆ ಹೋದೆ. ಮಹಾದೇವಿಯ ತಾಯಿ ನೀರು ಕೊಟ್ಟಳು, ಕುಳಿತುಕೊಳ್ಳಿ ಎನ್ನಲಿಲ್ಲ. ಮಹಾದೇವಿ ಒಳಗಿನಿಂದ ಮಗುವನ್ನು ಎತ್ತಿಕೊಂಡು ಬಂದಳು. ತೆಳ್ಳಗಿನ ಹುಡುಗಿ. ನಾನು ಹೆಸರು ಹೇಳುವ ಮೊದಲೇ, "ರೊಟ್ಟಿ ಉಬ್ಬಿದ್ವೇನ್ರಿ?" ಎಂದಳು.

ನನಗೆ ಅಳು ಬಂತು. "ನನ್ನಿಂದ ನಿನಗ ಹಿಂಗಾತಲ್ಲವ್ವಾ" ಎಂದೆ.

"ನಿಮ್ಮಿಂದಲ್ರಿ" ಎಂದು ಅವಳು ಹೊರಗಿನ ಕಟ್ಟೆಗೆ ಕರೆದುಕೊಂಡು ಹೋಗಿ ಕೂರಿಸಿದಳು. "ಈಕಿ ಹುಟ್ಟೋ ಮುಂದ ಮಳಿ ಜೋರಿತ್ತು. ದವಾಖಾನಿಗಿ ಗಾಡಿ ಸಿಗಲಿಲ್ಲ. ನಮ್ಮತ್ತಿ ಕೈಕಾಲು ಬಿಟ್ಟು ಕುಂತ್ಳು. ಶಾಂತಕ್ಕ ಬಂದು ನನ್ನ ತಲಿ ತೊಡಿ ಮ್ಯಾಲ ಇಟಗೊಂಡ್ಳು. ಈಕಿನ್ನ ಮೊದ್ಲ ಎತ್ತಿದಾಕಿ ಆಕಿ. ಆವಾಗ ಆಕಿ ಕೈ ಮುಟ್ಟಿದ್ದು ನಡೀತು. ಈಗ ಆಕಿ ಕೊಡ ಮುಟ್ಟಿದ್ರ ನಡಿಯಂಗಿಲ್ಲಂದ್ರ ನಾ ಹೆಂಗ ಒಪ್ಪಲ್ರಿ?"

ಅವಳು ಮಗುವಿನ ಮೂಗು ಒರೆಸಿ ಮತ್ತೆ ಹೇಳಿದಳು. "ನಾವು ಎಲ್ಲಮ್ಮನ ಒಕ್ಕಲ್ರಿ. ನಿಮ್ಮ ದೇವರ ಕಡಿ ಬರ್ತೀನಂತ ತಿಳಿಬ್ಯಾಡ್ರಿ ಮತ್ತ."

"ತಿಳದಿಲ್ಲವ್ವಾ."

"ಹಂಗಾದ್ರ ಒಂದು ಕೇಳ್ತೀನಿ. ಶಾಂತಕ್ಕಗ ಬರೀತೀರಲ್ಲ, ನನಗೂ ಬರೀರಿ. ನನ್ನ ಹೆಸರಿಗಿ ಇಲ್ಲಿತನ ಒಂದೂ ಪತ್ರ ಬಂದಿಲ್ಲ."

ಅವಳ ತಾಯಿ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿರಬೇಕು. ನಾನು ಹೊರಟಾಗ ಚಹಾ ತಂದು ಕೊಟ್ಟು, "ಕುಡದು ಹೋಗ್ರಿ" ಎಂದಳು.

ಅಂದಿನಿಂದ ನಾನು ಇಬ್ಬರಿಗೆ ಬರೆಯುತ್ತಿದ್ದೆ. ಶಾಂತಮ್ಮನಿಗೆ ಹೋದ ಪತ್ರಗಳನ್ನು ಓದಿ ಹೇಳುವವರಿರಲಿಲ್ಲ. ಬಂದವನ್ನು ಅವಳು ಜೋಳದ ಗಡಿಗೆಯಲ್ಲಿ ಇಡುತ್ತಿದ್ದಾಳೆಂದು ದೇವಪ್ಪ ಹೇಳಿದ. ಆದರೂ ಕಳಿಸಿದೆ. ಕಷ್ಟವಾದದ್ದು ಮಹಾದೇವಿಗೆ ಬರೆಯುವಾಗ. ರೊಟ್ಟಿಯೂ ಬೆಕ್ಕೂ ಸಲೀಸಾಗಿ ಬಂದವು. ಕೊನೆಯ ಸಾಲಿಗೆ ಬಂದು ಪೆನ್ನು ನಿಂತಿತು. ಅವಳಿಗೆ ನನ್ನ ದೇವರನ್ನು ಜೊತೆಗೆ ಕಳಿಸುವಂತಿರಲಿಲ್ಲ. 'ನಾನು ನಿನ್ನ ಜೊತೆ ಇದ್ದೇನೆ' ಎಂದೇ ಬರೆಯಬೇಕಾಯಿತು. ಬರೆದು ನೋಡಿ. ದೇವರ ಹೆಸರಿನಲ್ಲಿ ಕೊಟ್ಟ ಮಾತನ್ನು ದೇವರೇ ನಡೆಸಿಕೊಟ್ಟಾನು. ಇದನ್ನು ನಾನೇ ನಡೆಸಿಕೊಡಬೇಕು. ಆ ಚಳಿಗಾಲದಲ್ಲಿ ನಾನು ಮಾನ್ವಿಗೆ ಹೋದಷ್ಟು, ನನ್ನ ಅವ್ವ ಇದ್ದಾಗಲೂ ಹೋಗಿರಲಿಲ್ಲ.

ಹೊಲದಲ್ಲಿ ಹತ್ತಿ ಒಡೆಯಿತು. ಎಲ್ಲರ ಹೊಲದಲ್ಲೂ ಒಮ್ಮೆಲೇ ಒಡೆಯಿತು. ಬಿಡಿಸಲು ಆಳು ಸಾಲದೆ ರೈತನೊಬ್ಬ ಬೆಳಗ್ಗೆ ಶಾಂತಮ್ಮನ ಬಾಗಿಲಲ್ಲಿ ನಿಂತು, ಬೇರೆ ಕಡೆ ನೋಡುತ್ತ, "ಹತ್ತಿ ಬಿಡಸಾಕ ಬರ್ತೀಯೇನು?" ಎಂದನಂತೆ. ಅವಳು ಹೋದಳು. ಅವನು ಅವಳನ್ನು ಕರೆದಾಗ ಯಾರೂ ಏನೂ ಅನ್ನಲಿಲ್ಲವೆಂದು ಇನ್ನೊಬ್ಬ ಕರೆದ. ಆಮೇಲೆ ಗಿರಣಿಯವನು ಬೀಸಿಕೊಟ್ಟ. ನಳದ ಸಾಲಿನಲ್ಲಿ ಅವಳ ಕೊಡವನ್ನು ಯಾರೂ ಸರಿಸಲಿಲ್ಲ. ತಪ್ಪಾಯಿತು ಎಂದು ಯಾರೂ ಹೇಳಲೂ ಇಲ್ಲ. ಮಹಾದೇವಿಯ ಗಂಡ ಮಾನ್ವಿಗೆ ಬಂದು ಅವಳ ತವರಿನ ಕಟ್ಟೆಯ ಮೇಲೆ ಅರ್ಧ ದಿನ ಕುಳಿತ. ಇನ್ನು ಕೈ ಎತ್ತುವಂತಿಲ್ಲ, ಶಾಂತಕ್ಕನ ಜೊತೆ ಮಾತು ಬಿಡುವುದಿಲ್ಲ ಎಂದು ಅವಳು ಎಲ್ಲರೆದುರು ಹೇಳಿದಳಂತೆ. ಅವನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ಅವಳ ಚೀಲ ಎತ್ತಿಕೊಂಡ. ಊರಿಗೆ ಹೋದವಳು ಗಡಿಗೆಯಲ್ಲಿದ್ದ ಪತ್ರಗಳನ್ನೆಲ್ಲ ಒಂದೇ ಮಧ್ಯಾಹ್ನ ಓದಿ ಮುಗಿಸಿದಳು.

ಎಲ್ಲವೂ ಸರಿಹೋಯಿತೆಂದು ತಿಳಿಯಬೇಡಿ. ದೇವಪ್ಪ ಊರಿಗೆ ಮರಳಿದ್ದಾನೆ, ಅವನ ಬಲಗೈ ಈಗಲೂ ಪೂರಾ ನೆಟ್ಟಗಾಗುವುದಿಲ್ಲ. ಕೇಸು ತಾರೀಖಿನಿಂದ ತಾರೀಖಿಗೆ ನಡೆದಿದೆ. ಮನೆಯಲ್ಲಿ ಪ್ರಾರ್ಥನೆ ಮತ್ತೆ ಆರಂಭವಾಗಿಲ್ಲ; ಭಾನುವಾರ ಗಂಡ ಹೆಂಡತಿ ಬಸ್ಸು ಹತ್ತಿ ದೇವದುರ್ಗಕ್ಕೆ ಹೋಗಿ ಬರುತ್ತಾರೆ. ಹಾಡುವುದನ್ನು ಅಲ್ಲಿ ಹಾಡುತ್ತಾರೆ.

ಸಂಕ್ರಾಂತಿ ಕಳೆದ ಮೇಲೆ ಮಹಾದೇವಿಯ ಕೈಯಲ್ಲಿ ಶಾಂತಮ್ಮ ಬರೆಸಿದ ಪತ್ರ ಬಂತು: "ಈಗ ಬರ್ರಿ." ನಾನು, ಎಸ್ತೇರಮ್ಮ ಇಬ್ಬರೇ ಹೊರಟೆವು.

ಶಾಂತಮ್ಮ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನೀವು ಇಷ್ಟು ಗಿಡ್ಡ ಅದೀರಂತ ನನಗ ಗೊತ್ತಿದ್ದಿಲ್ರಿ" ಎಂದಳು. ಎಸ್ತೇರಮ್ಮನ ನಗು ಇಡೀ ಓಣಿಗೆ ಕೇಳಿಸಿತು. ರೊಟ್ಟಿ ಮಾಡಿದ್ದಳು. ಉಂಡೆವು. ಉಂಡಾದ ಮೇಲೆ ಮಹಾದೇವಿ ಮಗುವನ್ನು ಎತ್ತಿಕೊಂಡು ಓಣಿಗಿಳಿದು ಮುಂಬಾಗಿಲಿನಿಂದಲೇ ಬಂದಳು.

"ಪತ್ರ ತಂದಿಲ್ಲೇನ್ರಿ?" ಎಂದಳು.

"ನಾನೇ ಬಂದೀನಲ್ಲವ್ವಾ."

"ನೀವು ಸಂಜಿಕ ಹೋಗ್ತೀರಿ" ಎಂದಳು ಶಾಂತಮ್ಮ. "ಆಮ್ಯಾಲ ನಮ್ಮ ಹತ್ರ ಏನು ಉಳೀತದ್ರಿ? ಬರೀರಿ."

ಮಹಾದೇವಿ ನೋಟ್‌ಬುಕ್ಕಿನ ಹಾಳೆ ಕೊಟ್ಟಳು. ಇಬ್ಬರೂ ನೋಡುತ್ತ ಕುಳಿತಿದ್ದಾಗಲೇ ಬರೆದೆ. ಬಸ್ಸಿನಲ್ಲಿ ಎಸ್ತೇರಮ್ಮ ನನ್ನ ಹೆಗಲ ಮೇಲೆ ನಿದ್ದೆ ಮಾಡಿದ್ದು, ಶಾಂತಮ್ಮನ ಕೈ ನಾನಂದುಕೊಂಡದ್ದಕ್ಕಿಂತ ಒರಟಾಗಿದ್ದದ್ದು, ಅವಳ ರೊಟ್ಟಿ ಚಂದ್ರನ ಹಾಗೆ ಉಬ್ಬಿದ್ದು. ಅಂಚಿನವರೆಗೂ ತುಂಬಿಸಿ ಕೊಟ್ಟೆ. ಮಹಾದೇವಿ ಬೆಳಕಿಗೆಂದು ಹೊಸ್ತಿಲ ಮೇಲೆ ಕುಳಿತು ಓದಲು ಶುರುಮಾಡಿದಳು.

ಪಕ್ಕದ ಮನೆಯ ಕಟ್ಟೆಯ ಮೇಲೆ ಅವಳ ಅತ್ತೆ ತೊಗರಿ ಕೇರುತ್ತಿದ್ದಳು. ಮೊರದ ಸದ್ದು ನಿಂತಿತು.

"ಏನು ಬರದಾಳಂತ ಆಕಿ?"

ಮಹಾದೇವಿ ತಲೆ ಎತ್ತಿದಳು.

"ಈ ಕಡಿ ಬರ್ರಿ ಅತ್ತಿ, ಓದಿ ಹೇಳ್ತೀನಿ."

ಅತ್ತೆ ಬರಲಿಲ್ಲ. ಆದರೆ ಎದ್ದು ಒಳಗೂ ಹೋಗಲಿಲ್ಲ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಹಾಗೇ ಕುಳಿತಳು. ಮಹಾದೇವಿ ಪತ್ರವನ್ನು ಮತ್ತೆ ಮೊದಲಿನಿಂದ, ಕಟ್ಟೆಗೆ ಕೇಳಿಸುವಷ್ಟು ಗಟ್ಟಿಯಾಗಿ ಓದತೊಡಗಿದಳು.